ಗೋಪುರದ ಮೇಲೆ ಬಿಟ್ಟು ಬಂದವರು

ಟೂರ್ ಮ್ಯಾನೇಜರನದೊಂದು ಕಟ್ಟುನಿಟ್ಟಾದ ನಿಯಮವಿತ್ತು. ಒಂದೇ ಮನೆಯವರನ್ನು ಅವನು ಎಂದೂ ಜೋಡಿ ಮಾಡುತ್ತಿರಲಿಲ್ಲ.

ಹೊರದೇಶದ ಹಳೆಯ ದೇವಸ್ಥಾನಗಳನ್ನು ನೋಡಲು ಹೊರಟ ಒಂದು ಬಸ್ಸಿನಷ್ಟು ಜನರನ್ನು ವಿಮಾನ ನಿಲ್ದಾಣದ ಕಂಬವೊಂದರ ಸುತ್ತ ನಿಲ್ಲಿಸಿಕೊಂಡು ಅವನು ವಿವರಿಸಿದ. "ನಾನು ತಲೆ ಎಣಿಸಲ್ಲ. ತಲೆಗಳು ಒಂದು ಕಡೆ ನಿಲ್ಲಲ್ಲ. ಒಬ್ಬೊಬ್ಬರಿಗೂ ಒಬ್ಬರು ಜೋಡಿ. ಬಸ್ ಹೊರಡೋ ಮುಂಚೆ ನಾನು 'ಜೋಡಿ?' ಅಂತೀನಿ. ನೀವು ನಿಮ್ಮ ಜೋಡೀನ ಕಣ್ಣಾರೆ ನೋಡಿ 'ಇದ್ದಾರೆ' ಅನ್ನಬೇಕು. ಅಷ್ಟೇ ಕೆಲಸ."

"ಅದಕ್ಕೆ ಗಂಡ ಹೆಂಡತೀನ ಯಾಕ್ರೀ ಬೇರೆ ಮಾಡ್ತೀರಿ?" ಗುಂಪಿನಲ್ಲೊಬ್ಬರು ಕೇಳಿದರು.

"ಸಾರ್, ಗಂಡ ಹೆಂಡತಿ ಯಾವುದೋ ಮಾತಿಗೆ ಮುಖ ತಿರುಗಿಸಿಕೊಂಡು ಕೂತಿರ್ತಾರೆ. ನೋಡದೇನೇ 'ಇದ್ದಾರೆ' ಅಂದುಬಿಡ್ತಾರೆ. ಒಬ್ಬರ ಯಜಮಾನರನ್ನ ಹೀಗೇ ಮ್ಯೂಸಿಯಂನಲ್ಲಿ ಬಿಟ್ಟು ಬಂದಿದ್ವಿ. ಪರಿಚಯ ಇಲ್ಲದವರಾದ್ರೆ ಆ ತಾಪತ್ರಯ ಇಲ್ಲ. ಮರ್ಯಾದೆಗಾದ್ರೂ ತಿರುಗಿ ನೋಡ್ತಾರೆ."

ಎಲ್ಲರೂ ನಕ್ಕರು. ಹೆಂಗಸರು ಸ್ವಲ್ಪ ಜಾಸ್ತಿಯೇ ನಕ್ಕರು.

ಗುಂಪಿನಲ್ಲಿ ಅತ್ತೆಯ ಜೊತೆ ಬಂದ ಸೊಸೆಯೊಬ್ಬಳಿದ್ದಳು. ಅವಳ ಅತ್ತೆಗೆ ರಿಟೈರಾದ ಹೆಡ್‌ಮಿಸ್ಸೊಬ್ಬರು ಜೋಡಿಯಾದರು. ಇಬ್ಬರೂ ಮೊದಲ ಐದು ನಿಮಿಷದಲ್ಲೇ ಮಂಡಿನೋವು ಹಂಚಿಕೊಂಡು ಗೆಳತಿಯರಾದರು. ಅವಳ ಪಾಲಿಗೆ ಬಂದವನು ಒಂಟಿಯಾಗಿ ಬಂದಿದ್ದ, ಕಿವಿಯ ಹತ್ತಿರ ನರೆತ, ದೊಡ್ಡ ಕೈಗಳ ಮನುಷ್ಯ.

"ಲಿಫ್ಟ್ ರಿಪೇರಿ ನನ್ನ ಕೆಲಸ. ತಾವು?"

"ಹಲ್ಲಿನ ಡಾಕ್ಟರು."

ಆತ ತಟ್ಟನೆ ಬಾಯಿ ಮುಚ್ಚಿಕೊಂಡ. ಅಂದಿನಿಂದ ಅವಳೆದುರು ತುಟಿ ಬಿಚ್ಚದೆಯೇ ನಗುತ್ತಿದ್ದ. ಅವಳೂ ಬೇರೆಲ್ಲೋ ನೋಡುವವಳಂತೆ ನಟಿಸುತ್ತಾ ಆ ಮುಚ್ಚಿದ ನಗುವನ್ನೇ ಓರೆಗಣ್ಣಿನಲ್ಲಿ ಕಾಯುತ್ತಿದ್ದಳು. ಜನರ ಬಾಯಿ ತೆರೆಸಿಯೇ ಅನ್ನ ತಿನ್ನುವ ತನಗೆ ಈ ಒಂದು ಬಾಯಿ ತೆರೆಯುವುದಿಲ್ಲವಲ್ಲ ಎಂಬುದು ಅವಳ ದೂರು.

ಬಸ್ಸಿನಲ್ಲಿ ಆತನ ಪಕ್ಕದಲ್ಲಿ ಕೂತು, ಇಳಿದಲ್ಲೆಲ್ಲ ಆತನ ಜೊತೆ ನಡೆದು ಅವಳು ಕಲ್ಲಿನ ಮಂಟಪಗಳನ್ನು ನೋಡಿದಳು, ಮೂಗು ಮುರಿದ ಮೂರ್ತಿಗಳನ್ನು ನೋಡಿದಳು. ಬಾಯಿ ತೆರೆದ ಒಂದು ಕಲ್ಲಿನ ಸಿಂಹದ ಮುಂದೆ ಆತ ಪಿಸುಗುಟ್ಟಿದ್ದ: "ಪಾಪ, ಎಷ್ಟು ಶತಮಾನದಿಂದ ಕಾಯ್ತಿದೆಯೋ. ಒಂದು ಸಲ ನೋಡಿಬಿಡಿ ಡಾಕ್ಟ್ರೇ."

ಅವಳು ನಕ್ಕಳು. ತನ್ನ ನಗು ಗುಹೆಯಂಥ ಆ ಮಂಟಪದಲ್ಲಿ ಮಾರ್ದನಿಸಿದ್ದನ್ನು ಕೇಳಿ ತಾನೇ ಬೆಚ್ಚಿದಳು. ಯಾರದೋ ಮನೆಯಲ್ಲಿ ಕೇಳದೆ ದೀಪ ಹಾಕಿದ ಹಾಗಾಗಿತ್ತು.

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಅವಳ ಗಂಡ ಬೈಕಿನ ಕೀಲಿ ಹುಡುಕಿಕೊಂಡು "ಬರ್ತೀನಿ" ಎಂದು ಹೋಗಿದ್ದ. ಬರಲಿಲ್ಲ. ಒಂದು ಫೋನ್ ಬಂತು. ಅಲ್ಲಿಂದೀಚೆ ಅವಳು ಯಾರಿಗೂ ಕಾಯದಂತೆ ಬದುಕನ್ನು ಜೋಡಿಸಿಕೊಂಡಿದ್ದಳು. ಕ್ಲಿನಿಕ್ಕಿನಲ್ಲಿ ಕಾಯುವವರು ಬೇರೆಯವರು, ಮನೆಯಲ್ಲಿ ಕಾಯುವವರು ಅತ್ತೆ. ಈ ಏರ್ಪಾಟಿನಲ್ಲಿ ಎದೆ ಹೊಡೆದುಕೊಳ್ಳುವ ಪ್ರಸಂಗವೇ ಇರಲಿಲ್ಲ.

ಆದರೆ ಪ್ರವಾಸ ಮುಗಿಯುತ್ತಾ ಬಂದಂತೆ, ಆತ ಉಪಾಹಾರಕ್ಕೆ ತಡವಾಗಿ ಬಂದ ಒಂದು ಬೆಳಿಗ್ಗೆ, ಅವಳು ಬಾಗಿಲು ನೋಡುತ್ತಾ ಕೂತಿದ್ದಳು. ಕೈಯಲ್ಲಿದ್ದ ಟೀ ಆರಿಹೋಗಿತ್ತು. ಅದು ಅರಿವಾದದ್ದೇ, ಲೋಟ ಕೆಳಗಿಟ್ಟು ಬಾಗಿಲಿಗೆ ಬೆನ್ನು ಹಾಕಿ ಕೂತಳು.

ಕೊನೆಯ ದೇವಸ್ಥಾನ ಕಾಡಿನ ನಡುವಿನ ಒಂದು ಕಲ್ಲಿನ ಗೋಪುರ. ಮೆಟ್ಟಿಲು ಅಂದರೆ ಮೆಟ್ಟಿಲಲ್ಲ, ಗೋಡೆಗೇ ಹಲ್ಲು ಮೂಡಿದಂತಿತ್ತು. ಕಟ್ಟಿದ ಮಹಾರಾಜ ದೇವರನ್ನು ಕಾಣಲು ಬರುವವರು ತೆವಳಿಕೊಂಡೇ ಬರಲಿ ಎಂದುಕೊಂಡಿರಬೇಕು. ಹಿಡಿಯಲು ಸರಳಿಲ್ಲ, ಸರಪಳಿಯಿಲ್ಲ. ಅತ್ತೆ, ಹೆಡ್‌ಮಿಸ್ಸು ಕೆಳಗೇ ಕೂತರು. ಹತ್ತಿದ ಕೆಲವರೂ ಫೋಟೋ ತೆಗೆದುಕೊಂಡು ಬೇಗ ಇಳಿದರು. ತುದಿಯಲ್ಲಿ ಉಳಿದವರು ಇವರಿಬ್ಬರೇ.

ಕೆಳಗಿನಿಂದ ಅತ್ತೆ ಕೂಗಿದ್ದು ಕೇಳಿಸಿತು. "ಸಾಕು ಬಾರೇ! ದೇವರು ಇಳಿದು ಬಂದು ಸೀಟು ಕೊಡ್ತಾನಾ?"

ಆತ ಬಾಯಿ ತುಂಬಾ ನಕ್ಕುಬಿಟ್ಟ.

ಮೇಲಿನ ಎಡಗಡೆಯ ಕೋರೆಹಲ್ಲು ಸ್ವಲ್ಪ ಮುಂದಕ್ಕೆ ಬಂದಿತ್ತು. ಇಂಥ ಹಲ್ಲುಗಳನ್ನು ತಂತಿ ಕಟ್ಟಿ ಸಾಲಿಗೆ ತರುವುದು ಅವಳ ಕಸುಬು. ಇದೊಂದು ಮಾತ್ರ ಹೀಗೇ ಇರಲಿ ಅನ್ನಿಸಿತು. ಅನ್ನಿಸಿದ್ದೇ ತಡ, ಎದೆ ಧಸಕ್ಕೆಂದಿತು.

ಆತ ಅವಳ ಕಣ್ಣನ್ನೇ ನೋಡಿದ. "ಡಾಕ್ಟ್ರೇ, ಒಂದು ಮಾತು. ಊರಿಗೆ ಹೋದ ಮೇಲೂ ನಿಮ್ಮ ಪಕ್ಕದಲ್ಲೇ ಕೂರಬಹುದಾ?"

ಅವಳು ಓಡಿದಳು. ಆ ಮೆಟ್ಟಿಲುಗಳಲ್ಲಿ ಓಡಲಾಗುವುದಿಲ್ಲ, ಆದರೂ ಓಡಿದಳು. ಕುಳಿತು, ಜಾರಿ, ಅಂಗೈ ತರಚಿಕೊಂಡು ಕೆಳಗೆ ಬಿದ್ದಂತೆ ಬಂದು, ಬಸ್ಸು ಹತ್ತಿ, ತಮ್ಮ ಹಿಂದಿನ ಸೀಟಿಗೆ ಹೋಗದೆ ಡ್ರೈವರನ ಬೆನ್ನಿಗಿದ್ದ ಒಂಟಿ ಸೀಟಿನಲ್ಲಿ ಮುದುಡಿ ಕೂತಳು. ಹಿಂದೆ ಜನ ಹತ್ತುತ್ತಿದ್ದರು, ಚೀಲಗಳು ಸರಿದಾಡುತ್ತಿದ್ದವು. ಅವಳು ಕಿಟಕಿಯ ಗಾಜಿನತ್ತ ಮುಖ ಮಾಡಿದಳು. ತಿರುಗಿದರೆ ಆ ಮುಖ ಕಾಣುತ್ತದೆ. ಆ ಮುಖದಲ್ಲಿ ಪ್ರಶ್ನೆ ಇನ್ನೂ ಇರುತ್ತದೆ.

"ಜೋಡಿ?" ಎಂದ ಮ್ಯಾನೇಜರ್.

"ಇದ್ದಾರೆ," ಎಂದಳು.

ಬಸ್ಸು ಹೊರಟಿತು. ಕಾಡು ಮುಗಿದು ಹೊಲಗಳು ಬಂದವು, ಬಿಸಿಲು ಹಳದಿಯಾಯಿತು. ಮ್ಯಾನೇಜರ್ ನೀರಿನ ಬಾಟಲಿ ಹಂಚುತ್ತಾ ಹಿಂದೆ ಹೋದ. ಅವನ ಹೆಜ್ಜೆ ನಿಂತದ್ದು ಅವಳಿಗೆ ಕೇಳಿಸಿತು. ಅದು ಹೇಗೆ ಕೇಳಿಸಿತೋ, ಬೆನ್ನಿಗೆ ಕೇಳಿಸಿತು.

"ಮೇಡಂ, ನಿಮ್ಮ ಜೋಡಿ ಎಲ್ಲಿ?"

ಈಗ ತಿರುಗಿದಳು. ಹಿಂದಿನ ಸೀಟು ಖಾಲಿ. ಆತನ ಕೈಚೀಲ ಮಾತ್ರ ಸೀಟಿನ ಮೇಲೆ ಸಭ್ಯವಾಗಿ ಕೂತಿತ್ತು.

ಮ್ಯಾನೇಜರ್ ಫೋನ್ ಹಚ್ಚಿದ. ರಿಂಗಾಯಿತು. ಆ ಚೀಲದೊಳಗೇ ರಿಂಗಾಯಿತು.

ಬಸ್ಸಿನ ಜನರೆಲ್ಲ ಆ ಚೀಲದತ್ತ ತಿರುಗಿದರು. ಆ ಫೋನಿಗೆ ಮಾತ್ರ ಯಾರ ಹಂಗೂ ಇರಲಿಲ್ಲ. ಅದು ಹಾಡುತ್ತಲೇ ಇತ್ತು.

"ನೋಡದೇನೇ ಹೇಳಿದ್ರಾ?" ಮ್ಯಾನೇಜರನ ದನಿಯಲ್ಲಿ ಕೋಪಕ್ಕಿಂತ ಆಶ್ಚರ್ಯ ಹೆಚ್ಚಿತ್ತು. "ಮೇಡಂ, ಇದು ಗಂಡ ಹೆಂಡತಿ ಮಾಡೋ ತಪ್ಪು."

ಅವಳ ಕಿವಿ ಬಿಸಿಯಾಯಿತು. ಅತ್ತೆಯತ್ತ ನೋಡಲು ಧೈರ್ಯ ಸಾಲಲಿಲ್ಲ. ಆದರೂ ನೋಡಿದಳು. ಅತ್ತೆ ಅವಳನ್ನೇ ನೋಡುತ್ತಿದ್ದರು, ಆಮೇಲೆ ಕಿಟಕಿಯಾಚೆ ನೋಡತೊಡಗಿದರು. ಆಚೆ ನೋಡುವಂಥದ್ದೇನೂ ಇರಲಿಲ್ಲ.

ಬಸ್ಸು ತಿರುಗಿಸಲು ಆ ಕಿರಿದಾದ ರಸ್ತೆಯಲ್ಲಿ ಜಾಗವಿಲ್ಲ. ಡ್ರೈವರ್ ಜಾಗ ಹುಡುಕುತ್ತಾ ಇನ್ನೂ ಮುಂದಕ್ಕೇ ಹೋಗುತ್ತಿದ್ದ. ಅವಳು ಮುಂದಿನ ಕಂಬಿ ಹಿಡಿದು ನಿಂತಿದ್ದಳು. ಆತ ನಿಂತಿದ್ದ ಜಾಗ ಕಣ್ಣಿಗೆ ಕಟ್ಟಿತ್ತು. ಅಂಚಿಗೆ ಎಷ್ಟು ಹತ್ತಿರ! ತಾನು ಓಡುವಾಗ ಹಿಂದೆ ಏನೋ ಸದ್ದಾಗಿತ್ತೇ? ಕಲ್ಲು ಉರುಳಿತೇ? ಕೂಗಿದರೇ? ಹೀಗೆಯೇ ಅಲ್ಲವೇ ಆಗುವುದು? ಈ ಕಡೆ ನಾವು ಇದ್ದಾರೆ, ಬರುತ್ತಾರೆ ಅಂದುಕೊಂಡು ಕೂತಿರುತ್ತೇವೆ. ಆ ಕಡೆ ಆಗುವುದು ಆಗಿಹೋಗಿರುತ್ತದೆ.

ಮುಂಚೆ ಒಂದು ಸಲ ಆ ಫೋನ್ ಬಂದಿತ್ತು. ಈ ಸಲ ಫೋನೂ ಬರುವಂತಿಲ್ಲ. ಅದು ಬಸ್ಸಿನಲ್ಲೇ ಇದೆ.

"ಕೂತ್ಕೊಳಮ್ಮ, ಬೀಳ್ತೀಯ," ಎಂದರು ಹೆಡ್‌ಮಿಸ್ಸು.

ಅವಳು ಕೂರಲಿಲ್ಲ.

ಅಂತೂ ತಲುಪಿದಾಗ ಹೊತ್ತು ಮುಳುಗುತ್ತಿತ್ತು. ಗೇಟು ಹಾಕಿತ್ತು. ಮ್ಯಾನೇಜರ್ ಗೇಟು ಬಡಿದು ಕಾವಲುಗಾರನನ್ನು ತನಗೆ ಬರುವ ಭಾಷೆಗಳಲ್ಲೆಲ್ಲಾ ಕೇಳಿದ. ಕಾವಲುಗಾರ ಕೈಯೆತ್ತಿ ಗೋಪುರದ ತುದಿ ತೋರಿಸಿದ. ಆಮೇಲೆ ಅದೇ ಕೈಯನ್ನು ನೆಲಕ್ಕೆ ಇಳಿಸಿ, ಇಲ್ಲವೆಂಬಂತೆ ಅಡ್ಡಡ್ಡ ಆಡಿಸಿದ.

ಮೇಲಿಂದ ಕೆಳಕ್ಕೆ. ಮುಗಿಯಿತು. ಅವಳು ಗೇಟಿನ ಸರಳು ಹಿಡಿದುಕೊಂಡಳು. ಕ್ಲಿನಿಕ್ಕಿನ ಕುರ್ಚಿಯಲ್ಲಿ ಎಷ್ಟೋ ಜನ ಹೆದರಿ ಬಿಳುಚಿಕೊಂಡದ್ದನ್ನು ನೋಡಿದ್ದಳು. ತನ್ನ ಮುಖ ಈಗ ಹಾಗೇ ಇರಬೇಕು.

"ನಾನು ಹೋಗಿ ನೋಡ್ತೀನಿ ಮೇಡಂ, ನೀವು ಇಲ್ಲೇ..."

"ಬೇಡ. ನಾನೇ ನೋಡಬೇಕು."

ಕಾವಲುಗಾರ ಗೇಟು ತೆರೆದದ್ದೇ ಒಳಗೆ ನುಗ್ಗಿ ಗೋಪುರದ ಬುಡದಲ್ಲಿ ಸುತ್ತ ಹುಡುಕಿದಳು. ಹುಲ್ಲು, ಮುರಿದ ಕಲ್ಲು, ಯಾರೋ ಎಸೆದ ಟೋಪಿ. ಆತನದ್ದಲ್ಲ. ಒಂದು ಉಸಿರು ಬಂತು. ಮೇಲೆ ನೋಡಿ ಕೂಗಿದಳು. ಉತ್ತರವಿಲ್ಲ. ಹಕ್ಕಿಗಳು ಒಮ್ಮೆಲೇ ಎದ್ದು ಗೂಡಿಗೆ ಹೋದವು. ಮೆಟ್ಟಿಲುಗಳು ಬೂದಿ ಬಣ್ಣಕ್ಕೆ ತಿರುಗಿ ಒಂದಕ್ಕೊಂದು ಕಲೆತುಹೋಗುತ್ತಿದ್ದವು. ಕೈಯೂರಿ ಹತ್ತತೊಡಗಿದಳು. ತರಚಿದ ಅಂಗೈ ಉರಿಯಿತು. ಕಲ್ಲು ಇನ್ನೂ ಬಿಸಿಲಿನ ಬಿಸಿ ಬಿಟ್ಟುಕೊಟ್ಟಿರಲಿಲ್ಲ.

ತುದಿಯಲ್ಲಿ, ಬಾಗಿಲುವಾಡಕ್ಕೆ ಬೆನ್ನು ಆನಿಸಿ, ಎರಡೂ ಕೈಯಿಂದ ಕಲ್ಲಿನ ಹೊಸ್ತಿಲು ಹಿಡಿದು, ಕಣ್ಣು ಮುಚ್ಚಿ ಆತ ಕೂತಿದ್ದ. ಅಲ್ಲಾಡುತ್ತಿರಲಿಲ್ಲ.

ಅವಳು ತೆವಳಿ ಹೋಗಿ ಕತ್ತಿಗೆ ಬೆರಳಿಟ್ಟಳು. ನಾಡಿ ಕುದುರೆಯ ಹಾಗೆ ಓಡುತ್ತಿತ್ತು.

ಆತ ಕಣ್ಣು ತೆರೆಯದೆ ಕೇಳಿದ. "ಗೇಟ್ ಹಾಕಿದ್ರಾ?"

ಅವಳಿಗೆ ಅಳು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. "ಅಷ್ಟು ಕೂಗಿದೆನಲ್ಲ! ಬಾಯಿ ಇಲ್ವಾ ನಿಮಗೆ?"

"ಬಾಯಿ ತೆಗೆದ್ರೆ ಹಲ್ಲು ಕಟಕಟ ಅನ್ನುತ್ತೆ. ಕೂಗ್ತಿರೋದು ಹಲ್ಲಿನ ಡಾಕ್ಟ್ರು ಬೇರೆ."

"ಏನಾಯ್ತು? ಬಿದ್ರಾ?"

"ಬೀಳಲಿಲ್ಲ. ಇಳಿಯಕ್ಕೆ ಆಗ್ತಿಲ್ಲ." ಮಾತು ಸಣ್ಣಗೆ ಬಂತು. "ಕಾವಲುಗಾರ ಬಂದ. ಕೈ ಹಿಡಿದು ಎಳೆದ. ನಾನು ಹೊಸ್ತಿಲು ಬಿಡಲಿಲ್ಲ. ಪಾಪ, ಏನೋ ಬೈದು ಹೋದ."

"ಲಿಫ್ಟ್ ರಿಪೇರಿ ಮಾಡೋರು ನೀವು!"

"ಲಿಫ್ಟ್ ಓಡಾಡೋ ಗುಂಡಿಯಲ್ಲಿ ನಾಲ್ಕೂ ಕಡೆ ಗೋಡೆ ಇರುತ್ತೆ ಡಾಕ್ಟ್ರೇ. ಎಷ್ಟು ಎತ್ತರ ಆದ್ರೂ ಸೈ. ಇಲ್ಲಿ ಮೂರು ಕಡೆ ಆಕಾಶ. ಹತ್ತುವಾಗ ಮೂಗಿನ ಮುಂದೆ ಕಲ್ಲು ಕಾಣ್ತಿತ್ತು."

"ಗೊತ್ತಿದ್ದೂ ಯಾಕೆ ಹತ್ತಿದ್ರಿ?"

"ನೀವು ಹತ್ತಿದ್ರಿ."

ಕೆಳಗೆ ಟಾರ್ಚಿನ ಬೆಳಕೊಂದು ಅತ್ತಿತ್ತ ಆಡುತ್ತಿತ್ತು.

"ನಾನು ಓಡಿದಾಗ ಕರೆಯಬಾರದಿತ್ತಾ?"

"ಏನಂತ ಕರೀಲಿ? ಕೇಳಬಾರದ್ದು ಕೇಳಿ ಹೆದರಿಸಿದ್ದೂ ನಾನೇ. ಆಮೇಲೆ 'ಸ್ವಲ್ಪ ಕೈ ಹಿಡಿದು ಇಳಿಸಿ' ಅಂತ ಕೂಗೋದೂ ನಾನೇನಾ? ಗಂಡಸಿಗೆ ನಾಚಿಕೆ ಅಂತ ಒಂದು ಇರುತ್ತಲ್ಲ."

"ಆ ನಾಚಿಕೆಯಿಂದ ನನ್ನ ಜೀವ ಹೋಯ್ತು." ಅವಳ ದನಿ ಒಡೆಯಿತು. "ಬಸ್ಸಿನಲ್ಲಿ ನಿಮ್ಮನ್ನ ನೋಡದೇನೇ ಇದ್ದಾರೆ ಅಂದುಬಿಟ್ಟೆ. ತಿರುಗಿ ನೋಡೋಕೆ ಭಯ ಆಯ್ತು. ನೀವು ಕೇಳಿದ್ದಕ್ಕೆ 'ಆಗಲ್ಲ' ಅನ್ನೋ ಹಾಗಿದ್ದಿದ್ರೆ ಇಲ್ಲೇ ಹೇಳಿ ನಿಧಾನವಾಗಿ ಇಳೀತಿದ್ದೆ. ಓಡ್ತಿರಲಿಲ್ಲ."

ಆತ ಈಗ ಕಣ್ಣು ತೆರೆದ.

"ಮತ್ತೊಬ್ಬರ ದಾರಿ ಕಾಯೋ ಶಕ್ತಿ ನನಗಿಲ್ಲ. ಬಾಗಿಲು ನೋಡ್ತಾ ಕೂರೋದು, ಸದ್ದಾದ್ರೆ ಏಳೋದು. ಒಂದು ಸಲ ಆಗಿದೆ. ಇವತ್ತು ಮತ್ತೆ ಆಯ್ತು. ನಾನು ಬೇಡ ಅಂದ್ಕೊಂಡಿದ್ರೂ ಆಗೇಹೋಯ್ತು. ಇನ್ನು ಬೇಡ ಅಂದು ಏನು ಪ್ರಯೋಜನ?"

ಆತ ಹೊಸ್ತಿಲಿನಿಂದ ಒಂದು ಕೈಯನ್ನು ಬೆರಳು ಬೆರಳಾಗಿ ಬಿಡಿಸಿಕೊಂಡು ಅವಳತ್ತ ಚಾಚಿದ. ಆ ದೊಡ್ಡ ಕೈ ಎಲೆಯ ಹಾಗೆ ನಡುಗುತ್ತಿತ್ತು. ಅವಳದ್ದೂ ನಡುಗುತ್ತಿತ್ತು. ಎರಡು ನಡುಕ ಸೇರಿದರೆ ಧೈರ್ಯವಾಗುವುದಿಲ್ಲ, ಆದರೆ ಬೆಚ್ಚಗಂತೂ ಇತ್ತು.

"ಹಿಂದೆ ತಿರುಗಿ," ಎಂದಳು, ಕ್ಲಿನಿಕ್ಕಿನ ದನಿಯಲ್ಲಿ. "ಏಣಿ ಇಳಿಯೋ ಹಾಗೆ. ಮುಖ ಕಲ್ಲಿನ ಕಡೆ. ನಾನು ಒಂದು ಮೆಟ್ಟಿಲು ಕೆಳಗೆ ಇರ್ತೀನಿ. ನಿಮ್ಮ ಪಾದ ಹಿಡಿದು ಸರಿಯಾದ ಕಡೆ ನಾನೇ ಇಡ್ತೀನಿ. ಮೂಗಿನಲ್ಲಿ ಉಸಿರಾಡಿ. ಕಷ್ಟ ಆದ್ರೆ ಎಡಗೈ ಎತ್ತಿ."

"ಎಡಗೈ ಎತ್ತಿದ್ರೆ ಬಿದ್ದುಹೋಗ್ತೀನಿ ಡಾಕ್ಟ್ರೇ."

"ಅಭ್ಯಾಸಬಲ, ಪೇಷಂಟ್‌ಗಳಿಗೆ ಹೇಳೋದು. ಎತ್ತಬೇಡಿ."

ಹೀಗೆ ಇಳಿದರು. ಪ್ರತಿ ಮೆಟ್ಟಿಲಿಗೂ ಆತನ ಹಿಮ್ಮಡಿ ಗಾಳಿಯಲ್ಲಿ ದಿಕ್ಕೆಟ್ಟು ತಡಕಾಡುತ್ತಿತ್ತು. ಅವಳ ಅಂಗೈ ಅದನ್ನು ಹಿಡಿದು ಕಲ್ಲಿನ ಮೇಲೆ ಕೂರಿಸುತ್ತಿತ್ತು. ಅರ್ಧ ದಾರಿಯಲ್ಲಿ ಅವಳದೇ ಕಾಲು ಜಾರಿತು. ಚೂರು ಕಲ್ಲೊಂದು ಕಿತ್ತುಬಂದು ಟಪಟಪನೆ ಕೆಳಗಿನ ಕತ್ತಲಿಗೆ ಇಳಿಯಿತು. ಆತ "ಅಯ್ಯೋ!" ಎಂದವನೇ, ತನ್ನ ಭಯ ಮರೆತು ಕೆಳಗೆ ಬಾಗಿ ಅವಳ ರಟ್ಟೆ ಹಿಡಿದ. ಗಟ್ಟಿಯಾಗಿ ಹಿಡಿದ. ಒಂದು ಕ್ಷಣ ಇಬ್ಬರೂ ಗೋಡೆಗೆ ಅಂಟಿದ ಹಲ್ಲಿಗಳಂತೆ ಅಲ್ಲೇ ಉಳಿದರು.

"ಕೆಳಗೆ ನೋಡಿದ್ರಲ್ಲ," ಎಂದಳು, ಉಸಿರು ಬಂದ ಮೇಲೆ.

"ಕೆಳಗೆ ನೋಡಲಿಲ್ಲ. ನಿಮ್ಮನ್ನ ನೋಡಿದೆ."

ನೆಲ ಸಿಕ್ಕಿದ್ದೇ ಆತ ಹುಲ್ಲಿನ ಮೇಲೆ ಕೂತುಬಿಟ್ಟ, ಅವಳು ಆತನ ರಟ್ಟೆ ಹಿಡಿದುಕೊಂಡಳು. ಮಂಡಿನೋವಿನ ಅತ್ತೆ ಟಾರ್ಚ್ ಹಿಡಿದು ಅಲ್ಲಿಯವರೆಗೂ ಬಂದಿದ್ದರು. ಬೆಳಕನ್ನು ಮೊದಲು ಸೊಸೆಯ ಮುಖಕ್ಕೆ ಬಿಟ್ಟರು. ಆಮೇಲೆ ಆತನ ರಟ್ಟೆ ಹಿಡಿದೇ ಇದ್ದ ಅವಳ ಕೈಗೆ. ಅವಳು ಕೈ ತೆಗೆಯಬೇಕೆಂದುಕೊಂಡಳು. ಎದೆ ಮತ್ತೆ ಹೊಡೆದುಕೊಂಡಿತು. ತೆಗೆಯಲಿಲ್ಲ.

ಅತ್ತೆ ಬೆಳಕನ್ನು ಆತನ ಮುಖಕ್ಕೆ ತಿರುಗಿಸಿದರು.

"ಬುದ್ಧಿ ಇದೆಯೇನೋ ನಿನಗೆ? ಹೇಳೋದಿಲ್ಲ ಕೇಳೋದಿಲ್ಲ! ಇಷ್ಟು ಹೊತ್ತಾದರೂ ಎಲ್ಲಿದ್ದೀಯ, ಏನಾದೆ ಅಂತ ಮನೇಲಿ ಇರೋರಿಗೆ ಜೀವ ಹಾರಿಹೋಗುತ್ತೆ ಅನ್ನೋದು ಬೇಡವಾ? ಬೆಳೆದಿದ್ದೀಯ ಕತ್ತೆ ಹಾಗೆ!"

ಮ್ಯಾನೇಜರ್ ಗಾಬರಿಯಾಗಿ "ಅಮ್ಮಾ, ಅವರು ನಮ್ಮ ಪ್ಯಾಸೆಂಜರ್..." ಎಂದು ಅಡ್ಡ ಬಂದ. ಪರಿಚಯದ ಮೊದಲ ದಿನದಿಂದ 'ತಾವು', 'ದಯವಿಟ್ಟು' ಎಂದು ಆತನನ್ನು ಮಾತಾಡಿಸುತ್ತಿದ್ದವರು ಅತ್ತೆ. ಅವರು ಹೀಗೆ ಏಕವಚನದಲ್ಲಿ ಬೈಯುವುದನ್ನು ಅವಳು ಕೇಳಿ ವರ್ಷಗಳಾಗಿದ್ದವು. ತಡವಾಗಿ ಬಂದ ಮಗನನ್ನು ಬಾಗಿಲಲ್ಲೇ ನಿಲ್ಲಿಸಿ ಹೀಗೆ ಬೈಯುತ್ತಿದ್ದರು. ಬೈದು ಮುಗಿದ ಮೇಲೆ ತಟ್ಟೆ ಇಡುತ್ತಿದ್ದರು.

ಆತ ಹುಲ್ಲಿನಲ್ಲಿ ಕೂತೇ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡ. "ತಪ್ಪಾಯ್ತಮ್ಮ," ಎಂದ.

"ತಪ್ಪಾಯ್ತಂತೆ." ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಸೊಸೆಯತ್ತ ತಿರುಗಿದರು. "ಏನೇ ನೋಡ್ತಾ ನಿಂತಿದ್ದೀಯ? ಮಧ್ಯಾಹ್ನದಿಂದ ಏನೂ ತಿಂದಿಲ್ಲ ಅವನು. ಆ ಕಡೆ ರಟ್ಟೆ ಹಿಡಿ, ಎಬ್ಬಿಸು."