ಸೈಲೆನ್ಸರಿನ ಹೊಟ್ಟೆ ಬಗೆದವರು ಯಾರು?

"ಕದ್ದವನು ನೀನೇ! ಬೇರೆ ಯಾರು ಮುಟ್ಟಿದ್ದಾರೆ ಇದನ್ನು?"

ಭವಿತ್ ಕೂಗಿದ ಜೋರಿಗೆ, ಅರಂತೋಡಿನ ಗ್ಯಾರೇಜಿನ ಎದುರು ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಬಾಯಿಗೆ ಬಂದ ಹಾಗೆ ಹೇಳ್ಬೇಡಿ ಗೌಡ್ರೆ." ಮೆಕ್ಯಾನಿಕ್ ಹಕೀಮ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಬಿಚ್ಚಿ ಕೊಟ್ಟದ್ದು ನಾನು ಹೌದು. ಒಳಗಿಂದ ತೆಗೆದದ್ದು ನಾನಲ್ಲ."

ಇಬ್ಬರ ನಡುವೆ ನೆಲದ ಮೇಲೆ ಭವಿತ್‌ನ ಎಸ್‌ಯುವಿಯ ಹಳೆಯ ಸೈಲೆನ್ಸರ್ ಬಿದ್ದಿತ್ತು. ಬೇಸಿಗೆಯಲ್ಲಿ ಅದನ್ನು ಬಿಚ್ಚಿಸಿ, ಪುತ್ತೂರಿನಿಂದ ತಂದ ಪರ್ಫಾರ್ಮೆನ್ಸ್ ಎಕ್ಸಾಸ್ಟ್ ಹಾಕಿಸಿದ್ದ. ಆಕ್ಸಿಲರೇಟರ್ ಬಿಟ್ಟರೆ ಡಬ್ ಡಬ್ ಎಂದು ಸಿಡಿಯುವ ಪೈಪು ಅದು. ಆನೆ ಓಡಿಸಲು ಯಾರೋ ಪಟಾಕಿ ಹೊಡೆದರೆಂದು ಗುತ್ತಿಗಾರಿನ ನೆರೆಕರೆಯವರು ಮಕ್ಕಳನ್ನು ಒಳಗೆಳೆದು ಬಾಗಿಲು ಹಾಕುತ್ತಿದ್ದರು. ಕೊನೆಗೆ ಅಪ್ಪ ಕುಕ್ಕಪ್ಪ ಗೌಡರು ಗದರಿದರು—ಹಳೆಯದನ್ನೇ ಹಾಕಿಸು, ಇಲ್ಲವೇ ಗಾಡಿ ಮುಟ್ಟಬೇಡ.

ಇಂದು ಬೆಳಿಗ್ಗೆ ಹಳೆಯದನ್ನು ಹಾಕಿ ಸ್ಟಾರ್ಟ್ ಮಾಡಿದರೆ ಗಂಟಲು ಕಟ್ಟಿದ ಕೋಣದಂತೆ ಸದ್ದು. ಬಿಚ್ಚಿ ಟಾರ್ಚ್ ಬಿಟ್ಟರು. ಹೊಗೆ ಶುದ್ಧ ಮಾಡುವ, ಜೇನುಗೂಡಿನಂಥ ಒಳತುಂಡೇ ಇಲ್ಲ! ಬೆಲೆಬಾಳುವ ಲೋಹದ ತುಂಡು. ಯಾರೋ ಸೈಲೆನ್ಸರಿನ ಡಬ್ಬಿ ಕೊಯ್ದು, ಅದನ್ನು ಕಿತ್ತು, ಮತ್ತೆ ಬೆಸೆದು, ಮೇಲೆ ಗ್ರೀಸ್ ಬಳಿದಿದ್ದರು.

"ಹಕೀಮ್, ಇದನ್ನು ಬಿಚ್ಚಿದ ದಿನ ಗುಜರಿ ಕಾಸಿಂನ ಪಿಕಪ್ ಇಲ್ಲೇ ನಿಂತಿತ್ತು," ಗ್ಯಾರೇಜಿನ ಯಜಮಾನ ಮಹಾಬಲ ಎಂದ. "ವಸ್ತು ತಂದುಕೊಡು. ಇಲ್ಲದಿದ್ರೆ ನಾಳೆಯಿಂದ ಕೆಲಸ ಇಲ್ಲ. ಪೊಲೀಸಿಗೂ ಹೇಳ್ತೇನೆ."

"ನೀವೂ ಹಾಗೇ ಹೇಳುದಾ ಮಹಾಬಲಣ್ಣ?"

ಜೀಪಿನ ಬ್ರೇಕ್ ಸರಿಮಾಡಿಸಲು ಆಲಂಕಾರಿನಿಂದ ಬಂದಿದ್ದ ನಿವೃತ್ತ ಪೊಲೀಸ್ ಎಎಸ್‌ಐ ಊರ್ಮಿಳಾ ಚಹಾದ ಗ್ಲಾಸು ಬದಿಗಿಟ್ಟು ಎದ್ದರು.

"ಬೊಬ್ಬೆ ನಿಲ್ಸಿ ಮಾರಾಯ್ರೆ! ಭವಿತ್, ಬಿಚ್ಚಿದ ಮೇಲೆ ಇದು ಎಲ್ಲಿತ್ತು?"

"ಸೀದಾ ಮನೆಗೆ ಕೊಂಡೋದೆ. ರಬ್ಬರ್ ಶೀಟಿಗೆ ಹೊಗೆ ಹಾಕುವ ಗೂಡು ಉಂಟಲ್ಲ, ಅದರ ಅಟ್ಟದಲ್ಲಿಟ್ಟೆ. ಬೀಗ ಉಂಟು."

"ಕೀ?"

"ನನ್ನ ಹತ್ರ ಮಾತ್ರ."

"ಹೊರಗೆ ತೆಗೆದದ್ದು?"

"ಇವತ್ತೇ, ಹಳೆಯದೇ ಹಾಕಿಸು ಅಂತ ಅಪ್ಪ ಹೇಳಿದ್ದಕ್ಕೆ. ಇವನಲ್ಲದೆ ಯಾರೂ ಮುಟ್ಟಲಿಲ್ಲ. ದೈವದ ಮೇಲೆ ಆಣೆ ಹಾಕ್ಲಾ?"

"ಬೇಡ. ಸೈಲೆನ್ಸರಿನ ವಿಷಯಕ್ಕೆ ದೈವವನ್ನು ಎಳಿಬೇಡ. ಹಕೀಮ್, ಗ್ರೀಸ್ ಹಾಕಿದ್ದು ನೀನಾ?"

"ಅಲ್ಲಕ್ಕ. ಸೈಲೆನ್ಸರಿಗೆ ಯಾರಾದ್ರೂ ಗ್ರೀಸ್ ಹಾಕ್ತಾರಾ? ಬಿಸಿಗೆ ಉರಿದು ನಾರ್ತದೆ."

ಊರ್ಮಿಳಾ ಚಿಂದಿ ಬಟ್ಟೆಯಿಂದ ಡಬ್ಬಿಯನ್ನು ಉಜ್ಜಿದರು. ಆಮೇಲೆ ಬೆಸುಗೆಯನ್ನು.

"ಮಹಾಬಲಣ್ಣ, ಎಂತ ಕಾಣ್ತದೆ?"

"ಎಂತ, ಡಬ್ಬಿ ಕಪ್ಪು. ಉಜ್ಜಿದ್ರೂ ಹೋಗುದಿಲ್ಲ."

"ಹೊಗೆಗೂಡಿನ ಮಸಿ. ಬೆಸುಗೆ?"

ಮಹಾಬಲ ಬಗ್ಗಿದ. "ಬೆಳ್ಳಗುಂಟು..."

"ಎಲ್ಲರೂ ಒಳಗೆ ನೋಡಿದ್ರಿ, ಹೊರಗೆ ಯಾರೂ ನೋಡಲಿಲ್ಲ. ಹಕೀಮ್ ಬೇಸಿಗೆಯಲ್ಲೇ ಕೊಯ್ದಿದ್ರೆ ಬೆಸುಗೆಯೂ ಇಷ್ಟು ದಿನ ಹೊಗೆ ಕುಡಿದು ಕಪ್ಪಾಗ್ಬೇಕಿತ್ತು. ಇದು ಮೊನ್ನೆ ಮೊನ್ನೆ ಕೊಯ್ದದ್ದು. ಆಗ ಕೀ ಇದ್ದದ್ದು ಯಾರ ಹತ್ರ?"

ಭವಿತ್ ಒಂದು ಹೆಜ್ಜೆ ಹಿಂದೆ ಸರಿದ.

"ನೀನೇ ಭವಿತ್! ಹಳೆಯದು ಹಾಳಾದ್ರೆ ಹೊಸ ಪೈಪು ಗಾಡಿಯಲ್ಲೇ ಉಳಿತದೆ. ಅಪ್ಪನಿಗೆ ಹೇಳ್ಲಿಕ್ಕೆ ಒಬ್ಬ ಕಳ್ಳ ಬೇಕಿತ್ತು. ಹೊಸ ಬೆಸುಗೆ ಕಾಣದ ಹಾಗೆ ಗ್ರೀಸ್ ಬಳಿದೆ. ಒಂದು ಡಬ್ ಡಬ್ ಸದ್ದಿಗಾಗಿ ಒಬ್ಬನ ಅನ್ನ ಕಸೀಲಿಕ್ಕೆ ಹೊರಟದ್ದಾ? ನಾಚಿಕೆ ಆಗುದಿಲ್ವಾ?"

"ತುಂಡು... ಮನೆಯಲ್ಲೇ ಉಂಟು," ಭವಿತ್ ನೆಲ ನೋಡುತ್ತ ಗೊಣಗಿದ.

ಮಹಾಬಲ ಹಲ್ಲು ಕಿರಿದ. "ಮುಗೀತಲ್ಲ ಹಕೀಮ್, ಮನಸ್ಸಿಗೆ ಹಾಕ್ಬೇಡ ಮಾರಾಯ. ಅಕ್ಕನ ಬ್ರೇಕ್ ನೋಡು."

ಹಕೀಮ್ ಜೀಪಿನ ಬ್ರೇಕ್ ಕಟ್ಟಿ ಮುಗಿಸಿದ. ಸೋಪು ಹಾಕಿ ಕೈ ತೊಳೆದ.

"ಊರ್ಮಿಳಕ್ಕನಿಗೆ ನನ್ನ ಗುರ್ತ ಸರಿಯಾಗಿ ಇಲ್ಲ. ಆದ್ರೂ ನನ್ನ ಹತ್ರ ಒಂದು ಮಾತು ಕೇಳಿದ್ರು. ನೀವು ಕೇಳಲೇ ಇಲ್ಲ ಮಹಾಬಲಣ್ಣ."

"ಹೋಯ್, ಎಲ್ಲಿಗೆ? ಊಟಕ್ಕಾ?"

ಹಕೀಮ್ ರಸ್ತೆ ದಾಟಿ ಸುಳ್ಯದ ಬಸ್ಸು ಹತ್ತಿದ. ಭವಿತ್‌ನ ಗಾಡಿ ಸೈಲೆನ್ಸರ್ ಇಲ್ಲದೆ ಸಂಜೆಯವರೆಗೂ ಅಲ್ಲೇ ನಿಂತಿತ್ತು. ಮರುದಿನವೂ ಹಕೀಮ್ ಬರಲಿಲ್ಲ. ಆಮೇಲೂ ಬರಲಿಲ್ಲ.