ಹಿಮ್ಮಡಿಯ ಹಸಿರು ದೀಪ

ಕಬ್ಬಿನ ಗದ್ದೆಯ ಅಂಚಿನ ಗುಡಿಸಲ ಮುಂದೆ ಡಾಕ್ಟರ್ ವಾಗ್ದೇವಿ ಹಂಚಿನಾಳ ನಾಲ್ಕು ವರ್ಷದ ಕಾಜಲ್‌ಳ ಹಿಮ್ಮಡಿಗೆ ಸ್ಮೃತಿಮಾಪಕವನ್ನು ಒತ್ತಿ ಹಿಡಿದರು. ಸಾಬೂನಿನ ಬಿಲ್ಲೆಯಷ್ಟಿದ್ದ ಆ ಯಂತ್ರ ಅವರ ಹನ್ನೆರಡು ವರ್ಷಗಳ ದುಡಿಮೆ. ಲಸಿಕೆ ಹಾಕಿಸಿಕೊಂಡ ದೇಹ ಆ ರೋಗವನ್ನು ನೆನಪಿಟ್ಟುಕೊಳ್ಳುತ್ತದೆ. ರಕ್ತದ ಕಣಗಳಲ್ಲಿ ಉಳಿದ ಆ ನೆನಪನ್ನು ಯಂತ್ರ ಚರ್ಮದ ಮೂಲಕ ಬೆಳಕು ಹಾಯಿಸಿ ಓದುತ್ತದೆ. ಒಂದೊಂದು ರೋಗಕ್ಕೆ ಒಂದೊಂದು ಹಸಿರು ದೀಪ. ಕಾಜಲ್‌ಳ ಪಾಲಿಗೆ ಒಂದೂ ಬೆಳಗಲಿಲ್ಲ.

ಯಂತ್ರ ಕೆಟ್ಟಿರಬೇಕೆಂದು ವಾಗ್ದೇವಿ ತಮ್ಮ ಅಂಗೈಗೆ ಇಟ್ಟುಕೊಂಡು ನೋಡಿದರು. ಎಲ್ಲ ದೀಪಗಳೂ ಬೆಳಗಿದವು. ಜಿಲ್ಲೆಯ ನೂರಕ್ಕೆ ನೂರು ಮಕ್ಕಳಿಗೂ ಲಸಿಕೆ ಆಗಿದೆಯೆಂದು ಆ ವರ್ಷ, 2058ರಲ್ಲಿ, ಅಧಿಕಾರಿಗಳು ಸಮಾರಂಭ ಮಾಡಿ ಒಬ್ಬರಿಗೊಬ್ಬರು ಶಾಲು ಹೊದಿಸಿಕೊಂಡಿದ್ದರು.

“ಈ ಹುಡುಗಿಗೆ ಸೂಜಿ ಹಾಕ್ಸೇ ಇಲ್ಲೇನವ್ವಾ?”

“ಎಲ್ಲಿ ಹಾಕ್ಸೂದ್ರಿ ಬಾಯಾರ. ಸೂಜಿ ಹಾಕೂ ದಿನ ನಾವು ಕಬ್ಬಿನಾಗ ಇರ್ತೀವಿ. ತಾಂಡಾಕ್ಕ ಹೋದ್ರ, ದುಡಿಯಾಕ ಹೋದ ಊರಾಗ ಹಾಕ್ಸ್ಕೋರಿ ಅಂತಾರ,” ಎಂದಳು ತಾಯಿ ಸೋನಾಬಾಯಿ. ಇವರಂತೆಯೇ ಕಬ್ಬು ಕಡಿಯಲು ಬಂದಿದ್ದ ಪಕ್ಕದ ಗ್ಯಾಂಗಿನ ಮಕ್ಕಳಿಗೆ ಆಗಲೇ ದಡಾರ ಎದ್ದಿತ್ತು. ಅವಳಿಗೆ ಅದರದೇ ಭಯ. “ಪೆಟಿಗ್ಯಾಗ ಔಷಧ ಇದ್ರ ಈಗ ಹಾಕಿಬಿಡ್ರಿ.”

ನರ್ಸ್ ಕಸ್ತೂರಿಯ ಐಸ್ ಪೆಟ್ಟಿಗೆಯಲ್ಲಿ ಔಷಧವಿತ್ತು. ದಡಾರದ ಲಸಿಕೆಯ ಒಂದು ಸೀಸೆ ಹತ್ತು ಮಕ್ಕಳಿಗಾಗುತ್ತದೆ; ತೆರೆದ ಮೇಲೆ ನಾಲ್ಕು ತಾಸಿಗೆ ಅದರ ಆಯುಷ್ಯ ಮುಗಿಯುತ್ತದೆ. ಬೆಳಿಗ್ಗೆ ಊರಿನ ನಾಲ್ಕು ಮಕ್ಕಳಿಗೆ ಹಾಕಿ, ಇನ್ನಾರು ಮಕ್ಕಳಿಗಾಗುವಷ್ಟು ಉಳಿದಿತ್ತು.

“ಇವ್ರು ನಮ್ಮ ಪಟ್ಟಿಯಾಗ ಇಲ್ರಿ ಮೇಡಂ. ಹೊರಗಿನವ್ರಿಗೆ ಹಾಕಿದ್ರ ನಾಳೆ ಉತ್ತರ ಕೊಡೂದು ನಾನು,” ಎಂದಳು ಕಸ್ತೂರಿ.

ವಾಗ್ದೇವಿ ಗದರಿಸಿ ಹಾಕಿಸಬಹುದಿತ್ತು. ಹಾಕಿಸಲಿಲ್ಲ. ಯಾರು ಬಿಟ್ಟುಹೋಗಿದ್ದಾರೆಂದು ಯಂತ್ರವೇ ತೋರಿಸಿಕೊಟ್ಟ ಮೇಲೆ ಮೇಲಿನವರು ಸುಮ್ಮನಿರುವುದುಂಟೇ ಎಂದು ನಂಬಿದರು. ತುಂಬ ಓದಿದವರಿಗಷ್ಟೇ ಸಾಧ್ಯವಾಗುವ ಪೆದ್ದುತನ ಅದು. ಅಲ್ಲೇ ಕೂತು ವರದಿ ಕಳಿಸಿದರು. ಅವರ ಬೆನ್ನ ಹಿಂದೆ ಕಸ್ತೂರಿ ಗಡಿಯಾರ ನೋಡಿ, ಸೀಸೆಯನ್ನು ಕಸದ ಚೀಲಕ್ಕೆ ಹಾಕಿದಳು.

ಎರಡು ತಿಂಗಳ ಮೇಲೆ ಉತ್ತರ ಬಂತು. ಯಂತ್ರ ಅಮೋಘವಾಗಿದೆ, ಇನ್ನೂರು ಬೇಕು. ಲಸಿಕೆಯ ವಿಚಾರ ಮುಂದಿನ ಸಭೆಯಲ್ಲಿ.

ಅಷ್ಟರಲ್ಲಿ ಕಾಜಲ್‌ಳಿಗೆ ದಡಾರ ಬಂದು ಹೋಗಿತ್ತು. ಜೀವ ಉಳಿದಿತ್ತು, ಎರಡೂ ಕಣ್ಣು ಹೋಗಿದ್ದವು. ವಾಗ್ದೇವಿ ಗುಡಿಸಲಿಗೆ ಬಂದು ಮಗುವಿನ ಪಕ್ಕ ಕೂತರು. ಕೈ ಅಭ್ಯಾಸಬಲದಿಂದ ಯಂತ್ರವನ್ನು ಮಗುವಿನ ಹಿಮ್ಮಡಿಗೆ ಒತ್ತಿತು. ಒಂದು ದೀಪ ಬೆಳಗಿತು, ದಡಾರದ್ದು. ದೇಹಕ್ಕೆ ಆ ನೆನಪು ಲಸಿಕೆಯಿಂದ ಬಂತೋ ರೋಗದಿಂದಲೇ ಬಂತೋ ಎಂಬುದು ಯಂತ್ರಕ್ಕೆ ತಿಳಿಯದು. ಯಂತ್ರ ಓದಿದ್ದೆಲ್ಲ ತಾನಾಗಿ ಹೋಗಿ ಸೇರುವ ಕೇಂದ್ರ ಕಚೇರಿಯ ನಕ್ಷೆಯಲ್ಲಿ ಕಾಜಲ್ ಆ ಕ್ಷಣದಿಂದ ಸುರಕ್ಷಿತ ಮಗು.

ಹನ್ನೆರಡು ವರ್ಷ ಕೂತು ಕಂಡುಹಿಡಿಯುವಂಥದ್ದು ಇಲ್ಲೇನೂ ಇರಲಿಲ್ಲ ಎಂದು ವಾಗ್ದೇವಿಗೆ ಆಗ ಹೊಳೆಯಿತು. ಬೇಕಾಗಿದ್ದ ಲಸಿಕೆ ಸೋನಾಬಾಯಿ ಹುಟ್ಟುವ ಮೊದಲೇ, ನಮ್ಮ ನಿಮ್ಮ ಈ ಕಾಲದಲ್ಲೇ, ಐಸ್ ಪೆಟ್ಟಿಗೆಯಲ್ಲಿ ಸಿದ್ಧವಾಗಿ ಕೂತಿತ್ತು.

“ಏನ್ ತೋರಸ್ತೈತ್ರಿ ಬಾಯಾರ ಅದು?” ಸೋನಾಬಾಯಿ ಕೇಳಿದಳು.

“ಒಂದು ಹಸಿರು ದೀಪ ಹತ್ತೈತವ್ವಾ.”

“ಹಂಗಾದ್ರ ಆಕಿಗೇ ತೋರಸ್ರಿ,” ಎಂದು ಅವಳು ಮಗಳ ಮುಖವನ್ನು ಯಂತ್ರದ ಕಡೆಗೆ ತಿರುಗಿಸಿದಳು.