ತಾಮ್ರದ ಜೋಳ

ಬೆಳಗಿನಿಂದ ನೂರು ಬಂಡಿ ಜೋಳದ ಒಣದಂಟು ನುಂಗಿದ್ದ ಕುಲುಮೆಯ ಬಾಯಿ ತೆರೆದಾಗ ನೆರೆದವರೆಲ್ಲ ಮುಂದೆ ಬಾಗಿದರು. ಕೆಂಪಗೆ ಕುದಿಯುತ್ತಿದ್ದ ಲೋಹ ಸಣ್ಣ ಧಾರೆಯಾಗಿ ಇಳಿದು ಅಚ್ಚಿಗೆ ಬಿತ್ತು. ತಾಮ್ರ! ಗಣಿ ತೋಡದೆ, ಪರದೇಶದವರ ಮುಂದೆ ಕೈಚಾಚದೆ, ಹೊಲದಲ್ಲಿ ಬೆಳೆದ ತಾಮ್ರ.

ಬಯಲುಸೀಮೆಯ ಸಮಾಜವಾದಿ ಗಣರಾಜ್ಯ ಗಡಿ ಮುಚ್ಚಿ ಒಂಬತ್ತು ವರ್ಷವಾಗಿತ್ತು. ಹೊರಗಿನ ಒಂದು ಮೊಳೆಯೂ ಬೇಡ ಎಂಬುದು ಸರ್ಕಾರದ ಹಟ. ಉಕ್ಕು, ಸಿಮೆಂಟು, ಬಟ್ಟೆ ಎಲ್ಲವೂ ಇಲ್ಲೇ ಆದವು, ತಾಮ್ರವೊಂದು ಇರಲಿಲ್ಲ. ಸುಟ್ಟುಹೋದ ಮೋಟಾರುಗಳಿಗೆ ತಂತಿ ಸುತ್ತಲಾಗದೆ ಗಿರಣಿಗಳು ನಿಂತವು, ನಲ್ಲಿಗಳು ಒಣಗಿದವು. ಆಗ ಬೆಳೆ ವಿಜ್ಞಾನಿ ಡಾ. ನೀಲಾಂಬಿಕೆ ಈ ಜೋಳವನ್ನು ರೂಪಿಸಿದಳು. ಮಣ್ಣಿನಲ್ಲಿ ಚದುರಿಹೋದ ತಾಮ್ರದ ಕಣಗಳನ್ನು ಅದರ ಬೇರು ಹೀರಿ ದಂಟಿನಲ್ಲಿ ಕೂಡಿಡುತ್ತಿತ್ತು. ಬೂದಿಯಲ್ಲಿ ಐದರಲ್ಲಿ ಒಂದು ಪಾಲು ತಾಮ್ರ. ಎರಡು ಸುಗ್ಗಿಯಲ್ಲಿ ಊರೂರಿಗೆ ಮತ್ತೆ ನೀರು, ಬೆಳಕು ಬಂತು; ಇದು ಮೂರನೆಯದು.

ಇದರ ಪರಾಗ, ಅಂದರೆ ಹೂವಿನ ಗಂಡುಧೂಳಿ, ಊಟದ ಜೋಳಕ್ಕೆ ತಾಗಬಾರದೆಂದು ಅವಳು ಪರಾಗವೇ ಬಿಡದ ತಳಿಯನ್ನು ಆರಿಸಿದ್ದಳು. ಐದು ಬೆಳೆಗಾಲ ಪರೀಕ್ಷಿಸಬೇಕೆಂದಿದ್ದಳು. ಸರ್ಕಾರ ಕೊಟ್ಟದ್ದು ಒಂದೇ. ಒಪ್ಪಿಗೆಪತ್ರದ ಮೇಲಿನ ಸಹಿ ಮಾತ್ರ ಅವಳದೇ.

ಕುಲುಮೆಯ ಸಂಭ್ರಮದ ಮರುದಿನ ಕಾರ್ಖಾನೆಯ ಕ್ಯಾಂಟೀನಿನ ಅಡುಗೆಯವಳು ಹುಲಿಗೆಮ್ಮ ನೀಲಾಂಬಿಕೆಯ ಪ್ರಯೋಗಾಲಯದ ಬಾಗಿಲಿಗೆ ಬಂದಳು. ಕೈಯಲ್ಲಿ ಮಜ್ಜಿಗೆಯಲ್ಲಿ ನೆನೆದ ರೊಟ್ಟಿಯ ತಟ್ಟೆ.

“ಅಮ್ಮಾರೇ, ಇದನ್ನೊಂಚೂರು ನೋಡ್ರಿ. ಮಜ್ಜಿಗಿ ಹಸರಾಗೈತಿ. ಪಾತ್ರಿ ಮೂರು ಸಲ ತಿಕ್ಕೀನ್ರಿ.”

ನೀಲಾಂಬಿಕೆ ತಟ್ಟೆಗಿಂತ ಮೊದಲು ಅವಳ ಕಣ್ಣು ನೋಡಿದಳು. ಬಿಳಿಭಾಗ ಹಳದಿಗಟ್ಟಿತ್ತು.

“ಯಾವಾಗಿನಿಂದ ಹಿಂಗೈತಿ ಕಣ್ಣು?”

“ಹದಿನೈದು ದಿನ ಆತ್ರಿ. ಊಟ ಸೇರವಲ್ದು. ನನಗಷ್ಟೇ ಅಲ್ಲ, ನಮ್ಮ ಓಣ್ಯಾಗ ಭಾಳ ಮಂದಿಗೆ.”

ರೊಟ್ಟಿಯನ್ನು ಸುಟ್ಟು, ಬೂದಿಯನ್ನು ಆಮ್ಲದಲ್ಲಿ ಕರಗಿಸಿ, ನೀಲಾಂಬಿಕೆ ಅದಕ್ಕೆ ಅಮೋನಿಯಾ ಬೆರೆಸಿದಳು. ತಾಮ್ರವಿದ್ದರೆ ದ್ರಾವಣ ನೀಲಿಯಾಗಬೇಕು. ಗಾಜಿನ ನಳಿಗೆಯಲ್ಲಿ ನವಿಲಿನ ಕತ್ತಿನ ಬಣ್ಣ ಅರಳಿತು. ಅವಳು ಹೊಲದ ದಾಖಲೆಗಳನ್ನು ತೆರೆದಳು. ಕಳೆದ ವರ್ಷದ ಬಿಸಿಲಿಗೆ ಪರಾಗ ಬಿಡಬಾರದ ಆ ತಳಿಯೂ ಪರಾಗ ಬಿಟ್ಟಿತ್ತು. ಗಾಳಿ ಅದನ್ನು ಊಟದ ಹೊಲಗಳಿಗೆ ಹೊತ್ತಿತ್ತು. ಆ ಕಾಳನ್ನೇ ಉಗ್ರಾಣಗಳಿಂದ ಇಡೀ ದೇಶ ಒಯ್ದು ತಿನ್ನುತ್ತಿತ್ತು, ಬಿತ್ತುತ್ತಿತ್ತು.

ಯೋಜನಾ ಕಮಿಷನರ್ ವೆಂಕೋಬರಾಯರು ನೀಲಾಂಬಿಕೆ ಮುಂದಿಟ್ಟ ನಳಿಗೆಯನ್ನು ನೋಡಿದವರೇ ಎದ್ದುಹೋಗಿ ಕಿಟಕಿ ಮುಚ್ಚಿದರು.

“ಇದನ್ನ ಇನ್ಯಾರಿಗೆ ತೋರಿಸಿದ್ದೀರಿ?”

“ಯಾರಿಗೂ ಇಲ್ಲ. ಜೋಳ ಹಂಚೋದು ಇವತ್ತೇ ನಿಲ್ಲಿಸಬೇಕು ಸಾರ್.”

“ನಿಲ್ಲಿಸಿ ಏನು ಕೊಡ್ಲಿ? ಗಡಿಯಾಚೆ ಕೈ ಒಡ್ಡಿದರೆ ಒಂಬತ್ತು ವರ್ಷ ಹೇಳಿದ್ದೆಲ್ಲ ಸುಳ್ಳು ಅಂತ ಒಪ್ಪಿಕೊಂಡ ಹಾಗೆ.” ಅವರ ದನಿ ಇಳಿಯಿತು. “ಸಿಮೆಂಟು ಸರಿಯಿಲ್ಲ ಅಂದ ಎಂಜಿನಿಯರು ಎಲ್ಲಿದಾರೆ ಅಂತ ನಿಮಗೆ ಗೊತ್ತೇನಮ್ಮಾ? ನನಗೂ ಗೊತ್ತಿಲ್ಲ. ಕೇಳೋ ಧೈರ್ಯವೂ ಇಲ್ಲ.”

ಅವಳು ನಳಿಗೆಯನ್ನು ಜೇಬಿಗಿಟ್ಟುಕೊಂಡು ಹೊರಗೆ ಬಂದಳು. ಸುಮ್ಮನಿದ್ದುಬಿಡಬಹುದಿತ್ತು. ಊಟದ ಸೈರನ್ ಕೂಗಿತು. ಕ್ಯಾಂಟೀನಿನಲ್ಲಿ ನಾನೂರು ಜನ ಸಾಲಾಗಿ ಕೂತಿದ್ದರು. ಹುಲಿಗೆಮ್ಮ ರೊಟ್ಟಿ ಬಡಿಸುತ್ತಿದ್ದಳು.

“ತಿನ್ನಬ್ಯಾಡ್ರಿ!” ನೀಲಾಂಬಿಕೆಗೆ ತನ್ನ ದನಿಯೇ ಅಪರಿಚಿತವೆನಿಸಿತು. “ಜೋಳದಾಗ ತಾಮ್ರ ಸೇರೈತಿ, ಕಣ್ಣು ಹಳದಿ ಆಗೂದು ಅದರಿಂದನ. ತಪ್ಪು ನಂದು.”

ತುತ್ತು ಎತ್ತಿದ ಕೈಗಳು ನಿಂತಲ್ಲೇ ನಿಂತವು. ಹುಲಿಗೆಮ್ಮ ಬುಟ್ಟಿ ಕೆಳಗಿಟ್ಟು ಮೆಲ್ಲಗೆ ಕೇಳಿದಳು: “ಮತ್ತ ಏನ್ ತಿನ್ನೂಣ್ರಿ?”

ಆ ಹೊತ್ತಿಗೇ ಇಬ್ಬರು ಪೊಲೀಸರು ಬಂದು ನೀಲಾಂಬಿಕೆಯ ತೋಳು ಹಿಡಿದರು.

ಹನ್ನೊಂದು ದಿನ ಅವಳನ್ನು ಒಂದು ಕೋಣೆಯಲ್ಲಿ ಕೂರಿಸಿ ಒಂದೇ ಪ್ರಶ್ನೆ ಕೇಳಿದರು: ಹೊರಗಿನವರಲ್ಲಿ ಯಾರು ಇದನ್ನು ನಿನ್ನಿಂದ ಮಾಡಿಸಿದರು? ಹನ್ನೆರಡನೆಯ ದಿನ ಬಾಗಿಲು ತೆರೆಯಿತು. ಯಾರ ಕರುಣೆಯಿಂದಲೂ ಅಲ್ಲ. ಪ್ರಶ್ನೆ ಕೇಳುತ್ತಿದ್ದ ಅಧಿಕಾರಿಯ ಕಣ್ಣೂ ಹಳದಿಯಾಗಿತ್ತು.

ಹುಲಿಗೆಮ್ಮ ಅಷ್ಟರಲ್ಲಿ ತೀರಿಕೊಂಡಿದ್ದಳು.

ಗಡಿ ಒಂದು ಗೇಣು ತೆರೆಯಿತು. ಅಕ್ಕಿ ಬಂತು, ಔಷಧ ಬಂತು. ದೂರದ ಹಿಮನಾಡೊಂದರ ಬೀಜಭಂಡಾರದಿಂದ, ಅಂದರೆ ಲೋಕದ ಬೀಜಗಳನ್ನು ಕೊರೆಯುವ ಚಳಿಯಲ್ಲಿ ಕಾಯ್ದಿಡುವ ಜಾಗದಿಂದ, ನೀಲಾಂಬಿಕೆ ಕೇಳಿ ಬರೆದಿದ್ದಕ್ಕೆ ಅವಳ ಹೆಸರಿಗೊಂದು ಪೊಟ್ಟಣವೂ ಬಂತು. ಒಳಗೆ ಇನ್ನೂರು ಕಾಳು, ಕಲಬೆರಕೆಯಿಲ್ಲದ ಬಿಳಿಜೋಳ. ಚೀಟಿಯ ಮೇಲೆ ಬರೆದಿತ್ತು: “2024. ಬಯಲುಸೀಮೆಯ ಒಬ್ಬ ರೈತ ಮಹಿಳೆ ಕೊಟ್ಟದ್ದು. ಹೆಸರು ಬರೆದುಕೊಂಡಿಲ್ಲ.”

ಅವಳು ಮೇಜಿನ ಮೇಲೆ ದೇಶದ ನಕ್ಷೆ ಹಾಸಿದಳು. ತಾಮ್ರದ ಜೋಳದ ಗಾಳಿ ತಾಕದ ಒಂದೇ ಒಂದು ಹೊಲ ಸಿಕ್ಕರೆ ಸಾಕು, ಬಿತ್ತಬಹುದಿತ್ತು. ಬೆರಳನ್ನು ನಕ್ಷೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಸರಿಸಿದಳು. ಆ ಬೆರಳು ಎಲ್ಲಿಯೂ ನಿಲ್ಲಲಿಲ್ಲ.